ಸಂದೂಕದ ಕೆಳಗಿನ ಎರಡಡಿ

ಮೀನಾಳ ಲೆಕ್ಕ ಸರಿಯಾಗಿಯೇ ಇತ್ತು. ಹ್ಯಾಂಗರಿಗೆ ಹಾಕಿದ ಬಟ್ಟೆ ಗೋಡೆಯಿಂದ ಎರಡಡಿ ಮುಂದೆ ಬರುತ್ತದೆ. ಎರಡೂ ಕಡೆ ಹಾಕಿದರೆ ನಾಲ್ಕಡಿ. ನಡುವೆ ನಿಂತು ಲೆಹೆಂಗಾ ಬಿಡಿಸಿ ನೋಡಲು ಮೂರಡಿ. ಒಟ್ಟು ಏಳು. ಬಳ್ಳಾರಿಯ ಒಂದು ಮದುವೆ ಮನೆಗೆ ಬಾಡಿಗೆ ಲೆಹೆಂಗಾ ಕೊಡಲು ಹೋದಾಗ, ಅವರ ಬಟ್ಟೆಯ ಕೋಣೆಯೊಳಗೇ ನಿಂತು ಮೊಳ ಹಾಕಿ ಬಂದಿದ್ದಳು. ಕುರುಗೋಡಿನ ತನ್ನ ಮನೆಯಲ್ಲಿ ಅವಳ ಬಟ್ಟೆಗಳು ಹಗ್ಗದ ಮೇಲೆ, ಮಂಚದ ಕೆಳಗೆ ಬಿದ್ದಿದ್ದವು. ಇಲಿ ಕಡಿದ ಒಂದು ದುಪಟ್ಟಾಕ್ಕಾಗಿ ಸಿರುಗುಪ್ಪದ ಗಿರಾಕಿಯಿಂದ ಬೈಸಿಕೊಂಡದ್ದೂ ಆಗಿತ್ತು.

ಅಂಥದೇ ಒಂದು ಬಟ್ಟೆಯ ಕೋಣೆ ಕಟ್ಟಿಸಲು ಪಡಸಾಲೆಯ ಮೂಲೆಯಲ್ಲಿ ಸಿಗುವುದು ಐದೇ ಅಡಿ. ಅಲ್ಲಿಂದ ಆಚೆ ಅತ್ತೆ ಹಂಪಮ್ಮನ ಸಂದೂಕ. ಕರೀ ಮರದ್ದು, ಖಾಲಿ. ಮದುವೆಯಾಗಿ ಬಂದ ಒಂಬತ್ತು ವರ್ಷದಲ್ಲಿ ಅದರೊಳಗೆ ಏನಾದರೂ ಇಟ್ಟದ್ದನ್ನು ಮೀನಾ ನೋಡಿರಲಿಲ್ಲ, ಸರಿಸಿದ್ದನ್ನೂ ನೋಡಿರಲಿಲ್ಲ. ಕೇಳಿದರೆ, "ಅದು ಅಲ್ಲೇ ಇರ್ಲಿ," ಅಷ್ಟೇ. ಹಂಪಮ್ಮ ಮಗಳ ಬಾಣಂತನಕ್ಕೆ ರಾರಾವಿಗೆ ಹೋಗಿದ್ದಳು. ಗೋಡೆ ಕಟ್ಟುವ ಗೌಂಡಿ ಅಂಜಿನಪ್ಪನನ್ನು ಬಾದನಹಟ್ಟಿಯಿಂದ ಕರೆಸಲು ಮೀನಾ ಆ ವಾರವನ್ನೇ ಆರಿಸಿಕೊಂಡಿದ್ದಳು.

ಅಂಜಿನಪ್ಪ ಟೇಪು ಹಿಡಿದು ನೋಡಿದ. "ಐದು ಸಾಕವ್ವ. ಒಂದ ಕಡಿ ಹಾಕ್ರಿ. ಎರಡಡಿ ಬಟ್ಟಿಗೆ, ಮೂರಡಿ ಮನಿಷ್ಯಾಗ."

"ಉಳಿದ ಬಟ್ಟಿ ನಿಮ್ಮ ಮನ್ಯಾಗ ಇಡ್ಲೇನಣ್ಣ?"

"ಇಡ್ರಿ. ನಮ್ಮಾಕಿ ದಿನಾ ಒಂದು ಹಾಕ್ಕಂಡು ಕಳೆ ತೆಗಿಯಾಕ ಹೋಗ್ತಾಳ."

ಮೀನಾಳ ಗಂಡ ಹಂಪೇಶ ಜೋರಾಗಿ ನಕ್ಕ. ಅಂಜಿನಪ್ಪ ಗೋಡೆಯ ಮೇಲೆ ಏಳಡಿಗೆ ಸೀಮೆಸುಣ್ಣದ ಗೆರೆ ಎಳೆದ. ಆಮೇಲೆ ಗಂಡಸರಿಬ್ಬರೂ ಸೇರಿ ಸಂದೂಕ ಸರಿಸಿದರು.

ಕೆಳಗೆ ಬೇರೆ ಬಣ್ಣದ ಒಂದು ಬಂಡೆ. ಸುತ್ತಲೂ ಸುಣ್ಣ ಮೆತ್ತಿತ್ತು. ಅಂಜಿನಪ್ಪ ಸುತ್ತಿಗೆಯ ಹಿಡಿಯಿಂದ ಬಡಿದ. ಖಾಲಿ ಕೊಡ ಬಡಿದ ಸದ್ದು.

"ಹಗೇವು," ಎಂದ. ಹಿಂದಿನವರು ನೆಲದೊಳಗೆ ಜೋಳ ತುಂಬಿಡುತ್ತಿದ್ದ ಗುಂಡಿ. "ಇದರ ಮ್ಯಾಲೆ ಗ್ವಾಡಿ ನಿಲ್ಲಂಗಿಲ್ಲ. ಮಣ್ಣು ತುಂಬಬೇಕು. ಎಷ್ಟು ಆಳ ಐತೋ ನೋಡಾಣು."

ಹಾರೆ ಹಾಕಿ ಬಂಡೆ ಎತ್ತಿದರು. ಹುಳಿತ ಹಿಟ್ಟಿನಂಥ ತಣ್ಣನೆಯ ವಾಸನೆ ಬಂತು. ಅಂಜಿನಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ನಮ್ಮಪ್ಪ ಮೊದ್ಲು ದೀಪ ಇಳಿಸ್ತಿದ್ದ. ದೀಪ ಉಳಿದ್ರ ಮನಿಷ್ಯಾ ಉಳಿತಾನ ಅಂತಿದ್ದ. ಕಂದೀಲು ಐತೇನ್ರಿ?"

"ಈಗ ಯಾರ ಮನ್ಯಾಗ ಐತಿ ಮಾವ ಕಂದೀಲು?" ಹಂಪೇಶ ತನ್ನ ಮೊಬೈಲಿನ ಟಾರ್ಚ್ ಹಚ್ಚಿ, ದಾರ ಕಟ್ಟಿ ಇಳಿಬಿಟ್ಟ. ಬೆಳಕು ದುಂಡು ಗೋಡೆ ಸವರುತ್ತ ಆಳಕ್ಕೆ ಹೋಯಿತು. "ನೋಡು, ಆರೇತೇನು?"

ಅಂಜಿನಪ್ಪ ಗುಂಡಿಯ ಅಂಚಿಗೆ ಬಂದು ಇಣುಕಿದ. ಬೆಳಕಂತೂ ಬೆಳಕೇ. ತಳ ಮುಟ್ಟಿದ ಮೇಲೆ ಹಂಪೇಶ ದಾರ ಜಗ್ಗಿದ. ಗಂಟು ಸಡಿಲಿ ಬರೀ ದಾರ ಮೇಲೆ ಬಂತು.

"ಹೋತಲ್ಲ! ಮೊನ್ನೆರ ತಗಂಡಿದ್ದು." ಅವನು ಹಿತ್ತಲಿಂದ ಏಣಿ ತಂದು ಇಳಿಸಿಯೇಬಿಟ್ಟ. ಮೂರು ಮೆಟ್ಟಿಲು ಇಳಿದ. ಸೊಂಟದವರೆಗೆ ಮುಳುಗಿದ.

ಮೀನಾ ಬಗ್ಗಿ ನೋಡಿದಳು. ಟಾರ್ಚ್ ಅಲುಗದೆ ಉರಿಯುತ್ತಿತ್ತು. ಅದರ ಪಕ್ಕ ಒಂದು ಹಿತ್ತಾಳೆ ಸೇರು. ಸೇರಿನ ಪಕ್ಕ ಒಂದೇ ಒಂದು ಚಪ್ಪಲಿ.

ಜೋಳದೊಳಗೆ ಯಾರೂ ಚಪ್ಪಲಿ ಮೆಟ್ಟಿಕೊಂಡು ಇಳಿಯುವುದಿಲ್ಲ. ಬಿಡುವಷ್ಟು ಪುರಸೊತ್ತಿಲ್ಲದೆ ಓಡಿ ಬಂದವರ ಹೊರತು.

"ಏನ್ರಿ, ಅಲ್ಲೇ ನಿಲ್ರಿ!"

"ಏನಾತಲೇ ನಿಂಗ?"

"ನಿಲ್ರಿ ಅಂದ್ರ ನಿಲ್ರಿ."

ದೇವರ ಗೂಡಿನಲ್ಲಿ ಉರಿಯುತ್ತಿದ್ದ ಹಣತೆಯನ್ನು ಹಾಲಿನ ಕ್ಯಾನಿನಲ್ಲಿಟ್ಟು ಓಡಿ ಬಂದಳು. ದಾರವನ್ನು ಹಿಡಿಕೆಗೆ ಎರಡು ಗಂಟು ಹಾಕಿ ಕಟ್ಟಿ ಇಳಿಬಿಟ್ಟಳು. ಕ್ಯಾನು ಹಂಪೇಶನ ಸೊಂಟ ದಾಟಿತು, ಮೊಳಕಾಲು ದಾಟಿತು. ಅವನ ಪಾದದ ಒಂದು ಗೇಣು ಕೆಳಗೆ ದೀಪ ಆರಿತು. ತೂಗಾಡಲಿಲ್ಲ, ಹೊಯ್ದಾಡಲಿಲ್ಲ. ಬೆರಳಲ್ಲಿ ಚಿವುಟಿದಂತೆ ಆರಿತು.

ತಳದಲ್ಲಿ ಟಾರ್ಚ್ ಹಾಗೇ ಉರಿಯುತ್ತಿತ್ತು.

ಅಂಜಿನಪ್ಪ ಹಂಪೇಶನ ಕೊರಳಪಟ್ಟಿಗೇ ಕೈ ಹಾಕಿ ಎಳೆದ. ಅಂಗಿ ಹರಿಯಿತು, ಹಂಪೇಶ ಮೇಲೆ ಬಂದ. ಮೂವರೂ ನೆಲದ ಮೇಲೆ ಕುಳಿತಿರುವಾಗ ಗುಂಡಿಯೊಳಗೆ ಫೋನು ರಿಂಗಣಿಸತೊಡಗಿತು. ಊಟದ ಹೊತ್ತಿಗೆ ದಿನವೂ ಫೋನು ಮಾಡುವವಳು ಹಂಪಮ್ಮ. ಪೂರ್ತಿ ರಿಂಗಣಿಸಿ ನಿಂತಿತು. ಆಮೇಲೆ ಮೀನಾಳ ಫೋನು. ಅವಳು ಸ್ಪೀಕರಿಗೆ ಹಾಕಿದಳು.

"ಹಂಪೇಶ ಫೋನ್ ಎತ್ತವಲ್ಲ. ಎಲ್ಲಿ ಅದಾನ?"

ಮೀನಾಳಿಗೆ ಸುಳ್ಳು ಹೊಳೆಯಲಿಲ್ಲ. "ಸಂದೂಕ ಸರಿಸೀವ್ರಿ, ಅತ್ತಿ."

ಆ ಕಡೆ ಕೂಸು ಅಳುವುದು ಕೇಳಿತು. ಹಂಪಮ್ಮ ಬೈಯಲಿಲ್ಲ.

"ಎಷ್ಟು ಮಂದಿ ಇಳಿದ್ರು?"

"ಯಾರೂ ಪೂರ್ತಿ ಇಳಿದಿಲ್ರಿ. ಎಲ್ರೂ ಮ್ಯಾಲೇ ಅದೀವಿ."

"ಅವತ್ತು ಇಬ್ರು," ಎಂದಳು ಹಂಪಮ್ಮ. "ಹಂಪೇಶ ಇನ್ನೂ ಹುಟ್ಟಿದ್ದಿಲ್ಲ. ನಿಮ್ಮ ಮಾವನ ತಮ್ಮ ಎರ್ರಿ, ಜೋಳ ತರಾಕ ಇಳಿದ. ಅವನ್ನ ಎತ್ತಾಕ ನನ್ನ ತಮ್ಮ ಜಂಬಣ್ಣ ಓಡಿದ, ಕಾಲಾಗಿನ ಚಪ್ಪಲಿ ಸೈತ ಬಿಡ್ಲಿಲ್ಲ. ಮೂರನೇದವರು ನಿಮ್ಮ ಮಾವ. ಅವರ ಕಾಲು ಹಿಡಕಂಡು ನಾನು ಬಿಡ್ಲಿಲ್ಲ. ನನ್ನ ತಮ್ಮ ಒಳಗ ಇನ್ನೂ ಉಸಿರು ಎಳೀತಿದ್ದ, ಮೀನಾ. ಕೇಳಸ್ತಿತ್ತು."

ಅಂಜಿನಪ್ಪ ಯಾರನ್ನೂ ಕೇಳದೆ ಏಳಡಿಯ ಗೆರೆಯನ್ನು ಅಂಗೈಯಿಂದ ಅಳಿಸಿ, ಐದಡಿಗೆ ಸೀಮೆಸುಣ್ಣದ ಗೆರೆ ಎಳೆದ. ಏಣಿ ಎತ್ತಿ, ಗಂಡಸರಿಬ್ಬರೂ ಬಂಡೆಯನ್ನು ತಳ್ಳಿಕೊಂಡು ಬಂದು ಮುಚ್ಚಿದರು, ಮೇಲೆ ಸಂದೂಕ ಎಳೆದರು. ಬಂಡೆ ಮೊದಲಿನ ಹಾಗೆ ಕೂರಲಿಲ್ಲ. ಅಂಚಿನ ಸಂದಿಯಿಂದ ಬಿಳಿ ಬೆಳಕು ಗೆರೆಯಂತೆ ಹೊರಗೆ ಬರುತ್ತಿತ್ತು.

ಹಂಪೇಶ ಹರಿದ ಅಂಗಿಯಲ್ಲಿ ನಿಂತು ಅದನ್ನೇ ನೋಡುತ್ತಿದ್ದ.

"ಎಂಬತ್ತು ಪರ್ಸೆಂಟ್ ಚಾರ್ಜ್ ಐತಿ," ಎಂದ ಮೆಲ್ಲಗೆ. "ನಾಳಿ ತನಕ ಉರಿತೈತಿ."

ಮೀನಾ ಹೋಗಿ ಸಂದೂಕದ ಮೇಲೆ ಕುಳಿತಳು.