ಒಂದು ಗಂಟೆಯ ನಕ್ಷತ್ರ

ಐರ್ಲೆಂಡಿನ ನೇಸ್ ಊರಿನ ಡಾಕ್ಟರ್ ವೆಂಕಟೇಶಮೂರ್ತಿಗಳ ಮನೆಯಲ್ಲಿ ಶನಿವಾರ ಬಂತೆಂದರೆ ಉಪ್ಪಿಟ್ಟಿನ ಒಗ್ಗರಣೆಯ ಜೊತೆಗೆ ಯುದ್ಧದ ಕೂಗೂ ಕೇಳುತ್ತಿತ್ತು. ರಾಜ್ಯೋತ್ಸವಕ್ಕೆಂದು ಅವರು ನಾಟಕ ಬರೆದಿದ್ದರು. ಡಬ್ಲಿನ್ನಿನಿಂದ ಹಡಗು ಹತ್ತಿ ಹೋದ ವೈಕಿಂಗ್ ಯೋಧನೊಬ್ಬ ಬೈಜಾಂಟಿಯಂ ಚಕ್ರವರ್ತಿಯ ಅರಮನೆಯಲ್ಲಿ ಕಾವಲುಗಾರನಾಗಿ, ಅಲ್ಲಿನ ರಾಜಕುಮಾರಿಯನ್ನೇ ಪ್ರೀತಿಸುವ ಕಥೆ. ಕನ್ನಡದ ಹಬ್ಬಕ್ಕೆ ವೈಕಿಂಗ್ ಯಾಕೆ ಡಾಕ್ಟ್ರೇ ಎಂದು ಕೇಳಿದ್ದಕ್ಕೆ, ಉಂಡ ಮನೆಯ ಋಣ ತೀರಿಸಬೇಡವೇ ಎಂದರು. ನನ್ನ ಪಾಲಿಗೆ ಬಂದದ್ದು ಹೊಲಿಗೆ. ಹಳೆಯ ಕೆಂಪು ಕರ್ಟನ್ ಕತ್ತರಿಸಿ ಕಾವಲುಗಾರನಿಗೆ ಮೇಲಂಗಿ ಮಾಡಿದೆ. ರಾಜಕುಮಾರಿಗೆ ಡಾಕ್ಟರ ಹೆಂಡತಿ, ನನ್ನ ಗೆಳತಿ ವಸುಂಧರಾಳ ಧಾರೆ ಸೀರೆಯೇ ಸಾಕಾಯಿತು.

ರಾಜಕುಮಾರಿ ಅವರ ಮಗಳು ಅನನ್ಯಾ. ಇಲ್ಲೇ ಕಿಲ್ಕೆನ್ನಿಯಲ್ಲಿ ಹುಟ್ಟಿದವಳು, ಅಮ್ಮ ಕನ್ನಡದಲ್ಲಿ ಕೇಳಿದರೆ ಐರಿಷ್ ಧಾಟಿಯ ಇಂಗ್ಲಿಷಿನಲ್ಲಿ ಉತ್ತರ. ಕಾವಲುಗಾರ ಗಗನ್, ಮೈಸೂರಿನಿಂದ ವರ್ಕ್ ಪರ್ಮಿಟ್ ಮೇಲೆ ಬಂದು ಡಬ್ಲಿನ್ನಿನ ಕ್ಲಾಂಡಾಲ್ಕಿನ್‌ನಲ್ಲಿ ಮನೆ ಮಾಡಿದ್ದ ಎಂಜಿನಿಯರ್. ಅವಳ ಕನ್ನಡ ತಿದ್ದುವ ನೆಪದಲ್ಲಿ ಬೇಗ ಬರತೊಡಗಿದ, ತಡವಾಗಿ ಹೋಗತೊಡಗಿದ. ನಾವು ಮುಖ ಮುಖ ನೋಡಿಕೊಂಡು ನಕ್ಕೆವು. ನಾಟಕದಲ್ಲಿ ಅರಮನೆಯ ಜ್ಯೋತಿಷಿ ಈ ಮದುವೆ ಅಶುಭ ಎಂದಾಗ ಗಗನ್ ರಟ್ಟಿನ ಕೊಡಲಿ ಎತ್ತಿ, “ನಾನು ನಕ್ಷತ್ರ ನೋಡಿ ಹಡಗು ನಡೆಸುವವನು, ನಕ್ಷತ್ರಕ್ಕೆ ಹೆದರುವವನಲ್ಲ” ಎನ್ನುತ್ತಿದ್ದ. ಅನನ್ಯಾ ತನ್ನ ಮಾತು ಮರೆತು ಅವನನ್ನೇ ನೋಡುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಗಗನನ ತಾಯಿ ವನಜಮ್ಮ ಮೈಸೂರಿನಿಂದ ಬಂದರು. ಹುಡುಗಿಯನ್ನು ನೋಡಿ ಮೆಚ್ಚಿದರು. ಜಾತಿಯೂ ಒಂದೇ, ಇನ್ನೇನು ಅಡ್ಡಿ ಎಂದುಕೊಂಡೆವು. ಅವರು ಜಾತಕ ಕೇಳಿದರು. ವಸುಂಧರಾ, ಪಾಪ, ಸಡಗರದಿಂದಲೇ ತಂದುಕೊಟ್ಟಳು. ಆಶ್ಲೇಷಾ ನಕ್ಷತ್ರ. ವನಜಮ್ಮ ಕಾಫಿ ಲೋಟ ಕೆಳಗಿಟ್ಟರು.

“ಹುಡುಗಿ ಬಂಗಾರದಂಥವಳು, ಇಲ್ಲ ಅನ್ನಲ್ಲ. ಆದ್ರೆ ಆಶ್ಲೇಷಾ ಅತ್ತೆಗೆ ಆಗಲ್ಲ. ನಾನೂ ಇನ್ನು ನಾಲ್ಕು ದಿನ ಬದುಕ್ಬೇಕಲ್ವಾ ಡಾಕ್ಟ್ರೇ?”

ಡಾಕ್ಟರು ಸಮಾಧಾನದಿಂದಲೇ ವಾದಿಸಿದರು. ಆಸ್ಪತ್ರೆಯಲ್ಲಿ ಎಷ್ಟೋ ಅತ್ತೆಯಂದಿರ ಸಾವು ಕಂಡಿದ್ದೇನೆ, ಸಕ್ಕರೆ ಕಾಯಿಲೆಯಿಂದ ಸತ್ತಿದ್ದಾರೆ, ಹೃದಯ ನಿಂತು ಸತ್ತಿದ್ದಾರೆ, ಸೊಸೆಯ ನಕ್ಷತ್ರದಿಂದ ಒಬ್ಬರೂ ಸತ್ತಿಲ್ಲ ಎಂದರು. ಎಲ್ಲವನ್ನೂ ಕೇಳಿಸಿಕೊಂಡು ವನಜಮ್ಮ ಒಂದೇ ಮಾತು ಕೇಳಿದರು.

“ಹಾಗಾದ್ರೆ ನೀವ್ಯಾಕೆ ಜಾತಕ ಬರೆಸಿದ್ರಿ?”

ಓದಿದವರ ಪಾಡೇ ಇದು. ನಂಬುವುದಿಲ್ಲ ಎನ್ನುತ್ತೇವೆ, ಆದರೂ ಒಂದು ಇರಲಿ ಎಂದು ಬರೆಸಿಡುತ್ತೇವೆ. ಆ ‘ಇರಲಿ’ ಮುಂದೆ ಮಗಳ ಕುತ್ತಿಗೆಗೆ ಬರುತ್ತದೆ.

ಗಗನ್, ಅಮ್ಮನಿಗೆ ಬಿಪಿ ಇದೆ, ಸ್ವಲ್ಪ ಟೈಮ್ ಕೊಡಿ ಎಂದವನು ಪ್ರಾಕ್ಟೀಸಿಗೆ ಬರುವುದನ್ನೇ ಬಿಟ್ಟ. ನಾಟಕ ನಿಂತಿತು. ಅನನ್ಯಾ ಕೆಲಸಕ್ಕೆ ಹೋಗಿ ಬರುತ್ತಿದ್ದಳು. ಹೇಗಿದ್ದೀಯಮ್ಮ ಎಂದರೆ ಊದಿದ ಕಣ್ಣಿನಲ್ಲೇ “ಗ್ರ್ಯಾಂಡ್, ಆಂಟಿ” ಎನ್ನುತ್ತಿದ್ದಳು. ಈ ದೇಶದಲ್ಲಿ ಚೆನ್ನಾಗಿದ್ದೇನೆ ಅನ್ನುವುದಕ್ಕೂ ಇನ್ನೇನೂ ಕೇಳಬೇಡಿ ಅನ್ನುವುದಕ್ಕೂ ಅದೊಂದೇ ಮಾತು.

ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ. ಬೇಸಿಗೆಗೆಂದು ಮುಂದಕ್ಕಿಟ್ಟದ್ದನ್ನು ಸರಿಮಾಡುವ ಪದ್ಧತಿ. ವಸುಂಧರಾ ಸ್ಟೂಲ್ ಹತ್ತಿ ಅಡುಗೆಮನೆಯ ಗಡಿಯಾರದ ಮುಳ್ಳು ತಿರುಗಿಸುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಅನನ್ಯಾ ಹುಟ್ಟಿದ್ದು ಜುಲೈನಲ್ಲಿ. ಹೆರಿಗೆ ವಾರ್ಡಿನ ಗಡಿಯಾರ ನೋಡಿ ಮೈಸೂರಿನ ಜೋಯಿಸರಿಗೆ ಫೋನಿನಲ್ಲಿ ಹೇಳಿದ್ದು ಬೇಸಿಗೆಯ ಗಂಟೆ. ಅದರಲ್ಲಿ ಒಂದು ಗಂಟೆ ಕಳೆಯಬೇಕೆಂದು ಅವರಿಗೆ ಗೊತ್ತಿರಲಿಲ್ಲ, ಇವಳಿಗೆ ಹೊಳೆದಿರಲಿಲ್ಲ. ಕಳೆದು ಹೊಸದಾಗಿ ಬರೆಸಿದರೆ ಆಶ್ಲೇಷಾಕ್ಕೆ ಹಿಂದಿನ ನಕ್ಷತ್ರ, ಪುಷ್ಯ. ಎಲ್ಲರೂ ಕಣ್ಣಿಗೊತ್ತಿಕೊಳ್ಳುವ ಪುಷ್ಯ.

ಸುದ್ದಿ ಮುಟ್ಟಿದ ದಿನವೇ ವನಜಮ್ಮ ಹೂವು ಹಣ್ಣು ಹಿಡಿದು ಬಂದರು, ಹಿಂದೆ ಗಗನ್. ವಸುಂಧರಾ ಅತ್ತು ನಕ್ಕಳು. ನಾನೂ, ಸುಳ್ಳೇಕೆ ಹೇಳಲಿ, ಕೆಂಪು ಮೇಲಂಗಿಯ ಧೂಳು ಕೊಡವಿಟ್ಟೆ.

ಅನನ್ಯಾ ಮಾತ್ರ ಹೂವು ಮುಟ್ಟಲಿಲ್ಲ. ಗಗನನ ಕಡೆ ತಿರುಗಿ, ಅವನೇ ತಿದ್ದಿ ಕಲಿಸಿದ ಕನ್ನಡದಲ್ಲಿ ಕೇಳಿದಳು.

“ನಾನು ನಿಜವಾಗ್ಲೂ ಆಶ್ಲೇಷಾನೇ ಆಗಿದ್ರೆ ನೀನು ಇವತ್ತು ಬರ್ತಿದ್ಯಾ?”

ಗಗನ್ ತಾಯಿಯ ಮುಖ ನೋಡಿದ. ಅವಳಿಗೆ ಉತ್ತರ ಸಿಕ್ಕಿತು.

“ಆಂಟಿ, ಮಾರ್ಚ್‌ನಲ್ಲಿ ಗಡಿಯಾರ ಮತ್ತೆ ಮುಂದಕ್ಕೆ ಹೋಗುತ್ತೆ,” ಎಂದಳು ವನಜಮ್ಮನಿಗೆ. ದನಿಯಲ್ಲಿ ಒರಟುತನವಿರಲಿಲ್ಲ. ಹಣ್ಣಿನ ಬುಟ್ಟಿ ಅವರ ಕೈಗೇ ಕೊಟ್ಟು, ಕಾರಿನವರೆಗೂ ಹೋಗಿ ಕಳಿಸಿ ಬಂದಳು. ಗಗನ್ ಅಳುತ್ತಿದ್ದ. ಕೆಟ್ಟ ಹುಡುಗನೇನಲ್ಲ, ಅದೇ ನನ್ನ ದುಃಖ.

ವಸುಂಧರಾ ಹೊಸ ಜಾತಕ ಹಿಡಿದುಕೊಂಡೇ ಕೂತಿದ್ದಳು. ಹೋಗಲಿ, ಮುಂದೆ ಬರುವವರಿಗೆ ತೋರಿಸಲು ಇದೊಂದು ಇರಲಿ ಎಂದಳು. ಅನನ್ಯಾ ಅದನ್ನು ಮೆಲ್ಲಗೆ ಬಿಡಿಸಿಕೊಂಡು, ಹಳೆಯದನ್ನು ತಾಯಿಯ ಕೈಯಲ್ಲಿಟ್ಟಳು.

“ಯಾರಾದ್ರೂ ಕೇಳಿದ್ರೆ ಇದನ್ನೇ ತೋರ್ಸಮ್ಮ. ಆಶ್ಲೇಷಾನೇ ಇರ್ಲಿ. ಹೆದರದೇ ಇರೋನು ಬರ್ಲಿ.”