ನಾಲ್ಕನೇ ಕೋಣೆಯ ಹತ್ತು ಪದಗಳು

ನನ್ನ ಕೆಲಸ ಏನೆಂದು ಕೇಳಿದವರಿಗೆ ನಾನು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ: ಮುದುಕಿಯರಿಗೆ ಹತ್ತು ಪದ ಓದಿ ಹೇಳುವುದು, ಸ್ವಲ್ಪ ಹೊತ್ತು ಬಿಟ್ಟು ಅವನ್ನೇ ವಾಪಸ್ ಕೇಳುವುದು. ಇದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ನನ್ನ ಗಂಡ ಇವತ್ತಿಗೂ ನಗುತ್ತಾನೆ. ಬಸ್ಸು ಓಡಿಸುವವನಿಗೆ ಇದೆಲ್ಲ ಏನು ಗೊತ್ತಾಗಬೇಕು.

ವಿಷಯ ಇಷ್ಟು. ಮೊರಾವಾ ನದಿಯ ದಡದ ನಮ್ಮ ಊರಿನಲ್ಲಿ ಚಳಿಗಾಲ ಬಂತೆಂದರೆ ವಯಸ್ಸಾದವರು ಹಿಮದ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ಆಪರೇಷನ್ ಚೆನ್ನಾಗಿಯೇ ಆಗುತ್ತದೆ. ಆದರೆ ಅರಿವಳಿಕೆಯಿಂದ ಎದ್ದ ಕೆಲವರ ತಲೆಯಲ್ಲಿ ಮಂಜು ಕವಿದಿರುತ್ತದೆ. ಕೆಲವರಿಗೆ ನಾಲ್ಕು ದಿನ, ಕೆಲವರಿಗೆ ತಿಂಗಳುಗಟ್ಟಲೆ. ನಮ್ಮ ಅರಿವಳಿಕೆ ಡಾಕ್ಟರು ತೆಯೊಫಿಲೊವಿಚ್ ಎರಡು ವರ್ಷದಿಂದ ಇದರ ಬೆನ್ನು ಬಿದ್ದಿದ್ದರು. ಅರ್ಧ ಜನಕ್ಕೆ ಉಸಿರಿನಲ್ಲಿ ಎಳೆದುಕೊಳ್ಳುವ ಅನಿಲ, ಇನ್ನರ್ಧಕ್ಕೆ ನರಕ್ಕೆ ಚುಚ್ಚುವ ಹಾಲಿನಂಥ ಬಿಳಿ ಔಷಧ. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ. ರೋಗಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆಪರೇಷನ್ನಿನ ಹಿಂದಿನ ದಿನ, ಆಮೇಲೆ ಮೂರನೇ ದಿನ, ಏಳನೇ ದಿನ, ಹೀಗೆ ಮೂರು ಸಲ ಆಸ್ಪತ್ರೆಯ ನರ್ಸಾದ ನಾನು ಹೋಗಿ ನೆನಪು ಪರೀಕ್ಷೆ ಮಾಡಬೇಕು. ಮೂರಕ್ಕೂ ಬೇರೆ ಬೇರೆ ಪದಗಳ ಹಾಳೆ.

ಪರೀಕ್ಷೆಯನ್ನು ಪ್ರತ್ಯೇಕ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಾಡಬೇಕೆಂದು ನಿಯಮದಲ್ಲಿ ದಪ್ಪಕ್ಷರದಲ್ಲಿ ಬರೆದಿದೆ. ಕೋಣೆಯನ್ನೇನೋ ಕೊಟ್ಟಿದ್ದರು. ಒಂದು ತಿಂಗಳೊಳಗೆ ಅದರಲ್ಲಿ ಮುರಿದ ಮಂಚ, ಕಾಲಿಲ್ಲದ ಕುರ್ಚಿ, ಹಳೆ ಹಾಸಿಗೆ ತುಂಬಿಟ್ಟರು. ನಾನು ಎರಡು ಸಲ ಜಗಳವಾಡಿದೆ. ಮೂರನೇ ಸಲ ಸುಮ್ಮನಾಗಿ, ಅವರವರ ಹಾಸಿಗೆಯ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಓದತೊಡಗಿದೆ. ತಪ್ಪು ನನ್ನದೇ.

ನಾಲ್ಕನೇ ಕೋಣೆಯಲ್ಲಿ ನಾಲ್ಕು ಹಾಸಿಗೆ, ನಾಲ್ವರು ಹೆಂಗಸರು, ಒಂದು ಕಿಟಕಿ. ತಣ್ಣನೆ ಗಾಳಿ ಬಡಿದರೆ ಪ್ರಾಣವೇ ಹೋಗುತ್ತದೆಂದು ಆ ಕಿಟಕಿಯನ್ನು ಯಾರಿಗೂ ತೆಗೆಯಲು ಬಿಡುತ್ತಿರಲಿಲ್ಲ. ವಿಚಿತ್ರವೆಂದರೆ ಆ ಕೋಣೆಯವರೆಲ್ಲ ಪರೀಕ್ಷೆಯಲ್ಲಿ ಭರ್ಜರಿಯಾಗಿ ಪಾಸಾಗುತ್ತಿದ್ದರು. ಎಂಟು, ಒಂಬತ್ತು, ಹತ್ತು. ಡಾಕ್ಟರಿಗೆ ತಲೆಬಿಸಿ ಹತ್ತಿತು.

"ರಾದ್ಮಿಲಾ, ಆ ಕೋಣೇಲಿ ಏನಿದೆ? ಬೆಳಕು ಜಾಸ್ತೀನಾ?" ಎಂದು ಕೇಳಿದರು.

"ಗಾಳಿ ಕಮ್ಮಿ ಡಾಕ್ಟ್ರೇ," ಎಂದೆ.

ಅವರು ನನ್ನ ಮಾತು ನಂಬಿ ಗಾಳಿಯ ಬಗ್ಗೆಯೂ ಡೈರಿಯಲ್ಲಿ ಏನೋ ಗೀಚಿಕೊಂಡರು.

ಆ ಕೋಣೆಗೇ ಜನವರಿಯಲ್ಲಿ ಕೊಸಾರಾ ಚಿಕ್ಕಮ್ಮ ಬಂದಳು. ರಕ್ತಸಂಬಂಧವಲ್ಲ, ನನ್ನ ಅಮ್ಮನ ಗೆಳತಿ. ಎಪ್ಪತ್ತೊಂಬತ್ತು ವರ್ಷ. ಮೂವತ್ತು ವರ್ಷ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವಳು. ಅರ್ಧ ಊರಿನ ನಂಬರು ಅವಳ ನಾಲಿಗೆಯ ತುದಿಯಲ್ಲಿರುತ್ತಿತ್ತು. ಆಪರೇಷನ್ನಿನ ಹಿಂದಿನ ದಿನ ಹತ್ತಕ್ಕೆ ಹತ್ತು ಹೇಳಿ, "ಇಷ್ಟೇನಾ? ಇನ್ನೂ ಇದ್ರೆ ಓದು," ಎಂದಿದ್ದಳು.

ಅವಳ ಮಗಳು ಸ್ಲಾಜಾನಾ ಬಸ್ ನಿಲ್ದಾಣದ ಹತ್ತಿರ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಾಳೆ. ಮಾತು ನೇರ, ಮುಖ ಗಂಟು. ಮೊದಲ ದಿನವೇ ಡಾಕ್ಟರಿಗೆ ಹೇಳಿದಳು: "ನಾಲ್ಕನೇ ಮಹಡೀಲಿ ಒಬ್ಬಳೇ ಇರೋದು, ಗ್ಯಾಸ್ ಒಲೆ. ತಲೆ ಸರಿಯಿದ್ರೆ ಅವಳ ಮನೆಗೆ, ಇಲ್ಲಾಂದ್ರೆ ವೃದ್ಧಾಶ್ರಮಕ್ಕೆ. ಅಲ್ಲಿ ಒಂದು ಹಾಸಿಗೆ ಹಿಡಿದಿಟ್ಟಿದ್ದೀನಿ. ನಿಮ್ಮ ಕಾಗದ ನೋಡಿ ತೀರ್ಮಾನ ಮಾಡ್ತೀನಿ." ಬಾಗಿಲು ತೆರೆದೇ ಇತ್ತು, ನಾಲ್ಕನೇ ಕೋಣೆಯ ಎಂಟು ಕಿವಿಯೂ ಕೇಳಿಸಿಕೊಂಡವು.

ಮೂರನೇ ದಿನ ಕೊಸಾರಾ ಚಿಕ್ಕಮ್ಮ ಒಂಬತ್ತು ಹೇಳಿದಳು. ನನಗೆ ಖುಷಿಯಾಯಿತು, ಬರೆದುಕೊಂಡು ಒಂದು ಪ್ರತಿ ಮಗಳಿಗೂ ಕಳಿಸಿದೆ. ಐದನೇ ದಿನ ಸೂಪು ಕೊಡಲು ಹೋದಾಗ ಅವಳು ನನ್ನ ಕೈ ಹಿಡಿದು, "ನಿನ್ನಮ್ಮ ಹೇಗಿದ್ದಾಳೆ? ಒಂದು ಸಲನೂ ನೋಡೋಕೆ ಬರ್ಲಿಲ್ವಲ್ಲ ಅವಳು," ಎಂದಳು. ಅಮ್ಮ ಹೋಗಿ ಎರಡು ವರ್ಷವಾಗಿದೆ. ಅವಳು ಸತ್ತ ನಲವತ್ತನೇ ದಿನದ ಕಾರ್ಯಕ್ಕೆ ಗೋಧಿ ಬೇಯಿಸಿ, ಸಕ್ಕರೆ ಬೆರೆಸಿ ತಂದವಳೇ ಕೊಸಾರಾ ಚಿಕ್ಕಮ್ಮ. ಚೆನ್ನಾಗಿದ್ದಾಳೆ ಎಂದುಬಿಟ್ಟೆ. ನನ್ನ ಹಾಳೆಯಲ್ಲಿ ಇಂಥದ್ದನ್ನು ಬರೆಯುವ ಜಾಗ ಇರಲಿಲ್ಲ, ನಾನೂ ಹುಡುಕಲಿಲ್ಲ.

ಏಳನೇ ದಿನ ಗುರುವಾರ. ಮರುದಿನ ಮಗಳು ಬಂದು ಕರೆದುಕೊಂಡು ಹೋಗುವವಳಿದ್ದಳು. ಅವತ್ತು ಬೆಳಿಗ್ಗೆಯೇ ಈ ಸಂಶೋಧನೆಯ ಮುಖ್ಯ ಕೇಂದ್ರದಿಂದ ಲಕೋಟೆ ಬಂದಿತ್ತು. ಹಳೆಯ ಪದಗಳನ್ನು ತುಂಬಾ ದಿನ ಬಳಸಿದ್ದಾಯಿತು, ಇನ್ನು ಮೇಲೆ ಹೊಸ ಹಾಳೆಗಳನ್ನೇ ಬಳಸಿ ಎಂದಿದ್ದರು. ನಾನು ಸ್ಟೂಲ್ ಎಳೆದು ಕೂತು ಹೊಸ ಹಾಳೆ ಓದಿದೆ: ಚಮಚ, ಮೋಡ, ಹಗ್ಗ, ಮೀನು, ಬೀಗ, ಸೇಬು, ರೈಲು, ದೀಪ, ಕೊಡೆ, ಮರಳು. ಪಕ್ಕದ ಹಾಸಿಗೆಯ ಝಿವಾನಾ ಜೋರಾಗಿ ಕೆಮ್ಮಿದಳು. ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಹೆಂಗಸು ಅವಳು, ಕೆಮ್ಮೂ ಹಾಗೇ ಇರುತ್ತದೆ ಎಂದುಕೊಂಡೆ. ಕೊಸಾರಾ ಚಿಕ್ಕಮ್ಮನಿಂದ ಗಡಿಯಾರದ ಚಿತ್ರ ಬರೆಸಿದೆ, ತಿಂಗಳುಗಳನ್ನು ಹಿಂದುಮುಂದಾಗಿ ಹೇಳಿಸಿದೆ. ಹತ್ತು ನಿಮಿಷವಾಯಿತು.

"ಈಗ ಹೇಳು ಚಿಕ್ಕಮ್ಮ. ನಾನು ಓದಿದ ಪದಗಳು."

ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು, ಕಣ್ಣು ಮುಚ್ಚಿದಳು, ಒಂದೇ ಉಸಿರಿಗೆ ಹೇಳಿದಳು: "ನಿಂಬೆ, ಏಣಿ, ಗಂಟೆ, ಕಾಡು, ಸೋಪು, ಕುದುರೆ, ಕಿಟಕಿ, ಉಪ್ಪು, ಸೇತುವೆ, ಟೋಪಿ."

ಹತ್ತು ಪದ. ಕ್ರಮ ಕೂಡ ತಪ್ಪಿಲ್ಲ. ಎಲ್ಲ ಏಳನೇ ದಿನದ ಹಳೆಯ ಹಾಳೆಯವು. ನಾನು ಅವಳಿಗೆ ಅವನ್ನು ಓದಿಯೇ ಇರಲಿಲ್ಲ.

ಕೊಸಾರಾ ಚಿಕ್ಕಮ್ಮ ಕಣ್ಣು ತೆರೆದು ಹೆಮ್ಮೆಯಿಂದ ನನ್ನ ಮುಖ ನೋಡಿದಳು. ಆಮೇಲೆ ಝಿವಾನಾಳ ಮುಖ ನೋಡಿದಳು. ಅವಳ ನಗು ನಿಧಾನವಾಗಿ ಇಳಿದುಹೋಯಿತು. ನನ್ನ ಕಣ್ಣಿಗೆ ಇವತ್ತಿಗೂ ಕಟ್ಟಿದ ಹಾಗಿರುವುದು ಅದೊಂದೇ.

"ಯಾರು ಕಲಿಸಿದ್ದು?" ನಾನು ಗುಡುಗಿದೆ.

"ನಾನೇ," ಎಂದಳು ಝಿವಾನಾ. "ಕೂಗಾಡ್ಬೇಡ ಸಿಸ್ಟರ್, ನಾವೇನು ಕೊಲೆ ಮಾಡಿಲ್ಲ. ನಾನು ಬಂದಾಗ ನನಗೂ ಹೇಳ್ಕೊಟ್ರು. ಹೋಗೋವ್ರು ಬರೋವ್ರಿಗೆ ಕಲಿಸಿ ಹೋಗೋದು ಇಲ್ಲಿನ ಪದ್ಧತಿ." ದಿಂಬಿನ ಕೆಳಗಿಂದ ಪದಬಂಧದ ಪುಸ್ತಕ ತೆಗೆದು ಎಸೆದಳು. ಅದರ ಅಂಚಿನಲ್ಲಿ ನನ್ನ ಮೂರೂ ಹಾಳೆಗಳ ಪದಗಳಿದ್ದವು, ನಾಲ್ಕೈದು ಬಗೆಯ ಕೈಬರಹದಲ್ಲಿ.

ನಮ್ಮ ಊರಿನಲ್ಲಿ ಇದು ಹೊಸದಲ್ಲ. ಶಾಲೆಯಲ್ಲಿ ಪಕ್ಕದವಳಿಗೆ ಉತ್ತರ ಪಿಸುಗುಟ್ಟದವಳನ್ನು ಆಮೇಲೆ ಯಾರೂ ಮದುವೆಗೂ ಕರೆಯುವುದಿಲ್ಲ. ನಾನೂ ಗಣಿತದಲ್ಲಿ ಹಾಗೆಯೇ ದಾಟಿಕೊಂಡು ಬಂದವಳು. ಆದರೂ ಮೈಯೆಲ್ಲ ಉರಿಯಿತು.

"ಇದು ಔಷಧದ ಪರೀಕ್ಷೆ ಕಣಮ್ಮಾ, ನಿಮ್ಮದಲ್ಲ! ಯಾವ ಔಷಧ ತಲೆ ಕೆಡಿಸುತ್ತೆ ಅಂತ ಗೊತ್ತಾಗ್ಬೇಡ್ವಾ? ನಾಳೆ ನಿಮ್ಮ ಮಕ್ಕಳು ಇದೇ ಟೇಬಲ್ ಮೇಲೆ ಮಲಗ್ತಾರೆ!"

"ಔಷಧ ಫೇಲಾದ್ರೆ ಔಷಧನ ವೃದ್ಧಾಶ್ರಮಕ್ಕೆ ಹಾಕ್ತಾರಾ?" ಎಂದಳು ಝಿವಾನಾ. "ಇವಳನ್ನ ಹಾಕ್ತಾರೆ."

ಕೊಸಾರಾ ಚಿಕ್ಕಮ್ಮ ಹೊದಿಕೆಯ ಅಂಚನ್ನು ಸುರುಳಿ ಸುತ್ತುತ್ತಾ ಕೂತಿದ್ದಳು.

"ನಾಲ್ಕು ದಿನ ಬೇಕಾಯ್ತು ರಾದ್ಮಿಲಾ," ಎಂದಳು. "ಹತ್ತು ಪದಕ್ಕೆ ನಾಲ್ಕು ದಿನ. ಒಂದು ಕಾಲದಲ್ಲಿ ನಂಬರು ಒಂದು ಸಲ ಕಿವಿಗೆ ಬಿದ್ರೆ ಸಾಕಿತ್ತು."

ನಾನು ನೇರ ಡಾಕ್ಟರ ಬಳಿ ಹೋಗಿ ಎಲ್ಲ ಹೇಳಿದೆ, ಸ್ಟೂಲಿನ ಕತೆಯನ್ನೂ ಸೇರಿಸಿ. ಅವರು ಮೇಜಿನ ಮೇಲಿದ್ದ ಪುಸ್ತಕ ಎತ್ತಿ ಕುಕ್ಕಿದರು.

"ಎರಡು ವರ್ಷ, ರಾದ್ಮಿಲಾ! ಆ ಕೋಣೆಯ ಹತ್ತೊಂಬತ್ತು ಜನರ ಲೆಕ್ಕ ಕಸದ ಬುಟ್ಟಿಗೆ! ಗಾಳಿ ಕಮ್ಮಿ ಅಂದ್ಯಲ್ಲ ನೀನು!"

"ಬೈಯಿರಿ ಡಾಕ್ಟ್ರೇ. ಸಂಶೋಧನೆಯ ನೈತಿಕ ಸಮಿತಿಗೆ ಬರೆಯುವಾಗ ನನ್ನ ಹೆಸರೇ ಬರೆಯಿರಿ."

ಅವರು ಕುಕ್ಕಿದ ಪುಸ್ತಕವನ್ನು ಎತ್ತಿ ಮತ್ತೆ ಅದರ ಜಾಗದಲ್ಲಿಟ್ಟರು. ಆಮೇಲೆ, "ಪರೀಕ್ಷೆಯ ಕೋಣೆಗೆ ಮಂಚ ತುಂಬೋಕೆ ಸಹಿ ಹಾಕಿದ್ದು ನಾನೇ," ಎಂದರು. "ಇಬ್ಬರ ಹೆಸರೂ ಹೋಗುತ್ತೆ." ಮತ್ತೆ ಕೇಳಿದರು: "ಮುದುಕಿಗೆ ನಿಜಕ್ಕೂ ಎಷ್ಟು ನೆನಪಿದೆ?"

ಗೊತ್ತಿಲ್ಲ ಎಂದೆ. ಯಾರೂ ಕೇಳಿಯೇ ಇರಲಿಲ್ಲವಲ್ಲ.

ಶುಕ್ರವಾರ ಬೆಳಿಗ್ಗೆ ಕೊಸಾರಾ ಚಿಕ್ಕಮ್ಮ ತಾನಾಗಿಯೇ ನನ್ನನ್ನು ಕರೆಸಿದಳು. ವಾಕರ್ ಹಿಡಿದು ನಿಂತಿದ್ದಳು.

"ನನಗೆ ಸರಿಯಾಗಿ ಪರೀಕ್ಷೆ ಮಾಡು. ಬಾಗಿಲು ಹಾಕ್ಕೊಂಡು."

"ಅದು ಇನ್ನು ಸಂಶೋಧನೆಗೆ ಬರಲ್ಲ ಚಿಕ್ಕಮ್ಮ. ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ."

"ಅವರಿಗೆ ಬೇಡದಿದ್ರೆ ಬಿಡ್ಲಿ, ನನಗೆ ಬೇಕು. ಮನೇಲಿ ಗ್ಯಾಸ್ ಹಚ್ಚಿ ಮರೆತ್ರೆ ಝಿವಾನಾ ಬಂದು ಪಿಸುಗುಡ್ತಾಳಾ?"

ಝಿವಾನಾ ಗೋಡೆ ಕಡೆ ಮುಖ ತಿರುಗಿಸಿಕೊಂಡಳು. ಅಳುತ್ತಿದ್ದಳೆಂದು ಕಾಣುತ್ತದೆ.

ಪರೀಕ್ಷೆಯ ಕೋಣೆಯ ಮುರಿದ ಮಂಚಗಳನ್ನು ಒತ್ತರಿಸಿ ಎರಡು ಕುರ್ಚಿಗೆ ಜಾಗ ಮಾಡಿ, ಡಾಕ್ಟರು ಕೊಟ್ಟ ಇನ್ನೊಂದು ಹೊಸ ಹಾಳೆ ಓದಿದೆ. ಹತ್ತು ನಿಮಿಷ ಕಳೆಯಿತು. ಕೇಳಿದೆ.

"ಕತ್ತರಿ," ಎಂದಳು. ತುಂಬಾ ಹೊತ್ತಾದ ಮೇಲೆ, "ಜೇನು." ಹಣೆಯ ಮೇಲೆ ಬೆವರು. "ಬಕೆಟ್."

ಆಮೇಲೆ ಏನೂ ಬರಲಿಲ್ಲ. ಅವಳ ತುಟಿ ಗಾಳಿಯಲ್ಲಿ ಹುಡುಕುತ್ತಿತ್ತು. ನನಗೆ ತಡೆದುಕೊಳ್ಳಲಾಗಲಿಲ್ಲ. ನಾಲ್ಕನೇ ಪದ ನನ್ನ ಬಾಯಿಗೆ ಬಂದೇ ಬಿಟ್ಟಿತ್ತು.

"ಬಾಯಿ ಮುಚ್ಚು ರಾದ್ಮಿಲಾ," ಎಂದಳು ಅವಳು. "ಮೂರು ಅಂತ ಬರಿ."

ಬರೆದೆ. ಆ ಕಾಗದ ಹಿಡಿದುಕೊಂಡೇ ಹೊರಗೆ ಬಂದಳು. ಮೊಗಸಾಲೆಯಲ್ಲಿ ಸ್ಲಾಜಾನಾ ಕಾಯುತ್ತಿದ್ದಳು, ತಾಯಿಯ ಕೋಟು ತೋಳಿನ ಮೇಲೆ.

"ಮೂರು," ಎಂದು ಕೊಸಾರಾ ಚಿಕ್ಕಮ್ಮ ಕಾಗದ ಚಾಚಿದಳು. "ಹತ್ತಕ್ಕೆ ಮೂರು. ಮೊದಲಿನದೆಲ್ಲ ಸುಳ್ಳು, ಇವರು ಹೇಳ್ಕೊಟ್ಟಿದ್ದು. ಎಲ್ಲಿಗೆ ಹಾಕ್ತೀಯೋ ಹಾಕು."

ಸ್ಲಾಜಾನಾ ಕಾಗದ ಓದಿದಳು. ಗೋಡೆಗೆ ಒರಗಿದಳು. ಅಂಥ ಗಟ್ಟಿ ಹೆಂಗಸು ಬಿಕ್ಕಿ ಬಿಕ್ಕಿ ಅಳುತ್ತಾಳೆಂದು ನಾನು ಎಣಿಸಿರಲಿಲ್ಲ.

"ವಾರವಿಡೀ ನಾನು ಫೋನ್ ಮಾಡ್ದಾಗೆಲ್ಲ ಯಾರಮ್ಮಾ ನೀನು ಅಂತಿದ್ದೆ," ಎಂದಳು. "ಇವರ ಕಾಗದ ನೋಡಿದ್ರೆ ತಲೆ ಸರಿಯಿದೆ, ಹತ್ತಕ್ಕೆ ಒಂಬತ್ತು. ತಲೆ ಸರಿಯಿದ್ದೂ ಮಗಳನ್ನ ಗುರುತಿಸ್ತಿಲ್ಲ ಅಂದ್ರೆ ಬೇಕಂತ್ಲೇ ಮಾಡ್ತಿದ್ದಾಳೆ, ವೃದ್ಧಾಶ್ರಮದ ಮಾತೆತ್ತಿದ್ದಕ್ಕೆ ನನ್ನ ಬಿಟ್ಟೇಬಿಟ್ಲು ಅಂದ್ಕೊಂಡೆ. ಅಂಗಡೀಲಿ ಕತ್ತರಿ ಹಿಡಿಯೋಕೆ ಕೈ ಬರ್ತಿರ್ಲಿಲ್ಲ ಅಮ್ಮಾ."

ನನಗೆ ನಾಚಿಕೆಯಿಂದ ನೆಲ ಬಿಟ್ಟು ಬೇರೇನೂ ಕಾಣಲಿಲ್ಲ. ಆ ಒಂಬತ್ತನ್ನು ಬರೆದವಳು ನಾನು.

ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಡಾಕ್ಟರು, "ಈ ಮಂಜು ಬಹಳ ಜನಕ್ಕೆ ಕೆಲವು ತಿಂಗಳಲ್ಲಿ ಇಳಿಯುತ್ತಮ್ಮಾ," ಎಂದರು. "ಇಳಿದೇ ಇಳಿಯುತ್ತೆ ಅಂತ ಮಾತು ಕೊಡೋಕೆ ನನ್ನ ಕೈಲಾಗಲ್ಲ. ಜೊತೆಗೆ ಯಾರಾದ್ರೂ ಇರಬೇಕು."

"ಆಶ್ರಮದ ಹಾಸಿಗೆ ಬೇಡ ಅಂತ ಹೇಳ್ತೀನಿ," ಎಂದಳು ಸ್ಲಾಜಾನಾ ಮೂಗು ಒರೆಸಿಕೊಂಡು. "ನಮ್ಮನೆಗೆ ಬಾ. ಜಗಳ ಆಡ್ತೀವಿ, ಆಡೋಣ." ತಾಯಿಯ ತೋಳಿಗೆ ಕೋಟು ತೊಡಿಸುತ್ತಾ ಬಹಳ ಮೆಲ್ಲಗೆ ಕೇಳಿದಳು: "ಈಗ ಗೊತ್ತಾ ಅಮ್ಮಾ, ನಾನ್ಯಾರು ಅಂತ?"

"ನನ್ನ ಮಗಳು," ಎಂದಳು ಕೊಸಾರಾ ಚಿಕ್ಕಮ್ಮ ಕೂಡಲೇ. "ಅದು ಗೊತ್ತು. ಹೆಸರು..."

ನಾಲ್ಕನೇ ಕೋಣೆಯ ಬಾಗಿಲಲ್ಲಿ ಮೂವರೂ ಬಂದು ನಿಂತಿದ್ದರು. ಝಿವಾನಾ ಬಾಯಿ ತೆರೆದಳು.

"ಯಾರೂ ಹೇಳ್ಕೊಡ್ಬೇಡಿ," ಎಂದು ಕೊಸಾರಾ ಚಿಕ್ಕಮ್ಮ ಕೈ ಎತ್ತಿದಳು.

ಝಿವಾನಾ ಬಾಯಿ ಮುಚ್ಚಿದಳು. ಮಗಳು ಕೋಟಿನ ಗುಂಡಿಯ ಮೇಲೆ ಕೈ ಇಟ್ಟು ಹಾಗೇ ನಿಂತಳು. ನಾವೆಲ್ಲ ಕಾದೆವು, ಎಷ್ಟು ಹೊತ್ತೋ ತಿಳಿಯದು.

"ಸ್ಲಾಜಾನಾ," ಎಂದಳು.