ಕಿಟಕಿ ಮಾಮ

ಕಿಟಕಿ ಮಾಮ ಯಾರ ಬಳಿಯೂ ಹಣ ಕೇಳಿದವರಲ್ಲ; ಬಾಗಿಲು, ಕಿಟಕಿ ಕೇಳುತ್ತಿದ್ದರು. ಮೊಣಕೈ ಬಳಿ ಸವೆದ ಕಂದು ಕೋಟು ತೊಟ್ಟು, ಇಕ್ಕಟ್ಟಾದ ಓಣಿಯಲ್ಲಿ ಬೀರು ಸಾಗಿಸುವವರಂತೆ ಓರೆಯಾಗಿ ನಡೆಯುತ್ತ ಬಂದು, ಕುರ್ಚಿಯ ಅಂಚಿನಲ್ಲಿ ಕೂತು, "ನಿಮ್ಮ ಹೆಸರಲ್ಲಿ ಒಂದು ಕಿಟಕಿ ಅಂದ್ಕೊಳ್ಳಲಾ?" ಎನ್ನುವರು. ಬಾಡಿಗೆಮನೆಯಿಂದ ಬಾಡಿಗೆಮನೆಗೆ ಪಾತ್ರೆಪಗಡ ಹೊತ್ತು ಅಲೆದ ಕುಟುಂಬಗಳು ತಿಂಗಳ ಕಂತಿನಲ್ಲಿ ಸ್ವಂತ ಸೂರು ಕಟ್ಟಿಕೊಳ್ಳುವಾಗ, ಅವರ ಕೈಗೆಟುಕದ ಭಾಗವನ್ನು ಊರವರ ದಾನದಿಂದ ತುಂಬಿಸುವುದು ಮಾಮನ ನಿವೃತ್ತ ಜೀವನದ ಏಕೈಕ ವ್ಯಸನ. ಹಣವೆಂದರೆ ಮುಖ ತಿರುಗಿಸುವ ಮಹನೀಯರೂ ಕಿಟಕಿಯೆಂದರೆ ಕರಗುತ್ತಿದ್ದರು. ನನ್ನಂಥ ಜಿಪುಣನಿಂದಲೂ ಅಡುಗೆಮನೆಯ ನಲ್ಲಿಯೊಂದನ್ನು ಗಿಟ್ಟಿಸಿದ್ದರು.

ಈ ಉಪಾಯಕ್ಕೆ ಒಂದೇ ದೋಷ: ಕೊಟ್ಟವರಿಗೆ ತಮ್ಮ ಕಿಟಕಿಯ ಮೇಲೆ ಮಮತೆ ಹುಟ್ಟಿಬಿಡುತ್ತಿತ್ತು. ಬಟ್ಟೆ ಅಂಗಡಿಯ ಯಜಮಾನರು ಪ್ರತಿ ಭಾನುವಾರ ನೆಂಟರ ದಂಡು ಕಟ್ಟಿಕೊಂಡು, ಬಟ್ಟೆ ಹೊಲಿದು ಬದುಕುವ ಹೆಂಗಸೊಬ್ಬಳ ಹೊಸ ಮನೆಗೆ ನುಗ್ಗಿ, "ಇದು ನಮ್ಮ ಕಿಟಕಿ" ಎಂದು ತೆರೆದು ಮುಚ್ಚಿ ತೋರಿಸುವರು. ಆಕೆ ಪರದೆ ಕಟ್ಟಿದರೆ ಸಿಡುಕುವರು. ಕೊನೆಗೊಮ್ಮೆ ಆಕೆ ಮಾಮನ ಮುಂದೆ ಕಣ್ಣೀರಿಟ್ಟಳು: "ಬಾಡಿಗೆಮನೆ ಓನರ್ ಆದ್ರೂ ತಿಂಗಳಿಗೊಂದೇ ಸಲ ಬರ್ತಿದ್ದ. ಇದು ನನ್ನ ಮನೆ ಹೌದೋ ಅಲ್ವೋ, ಹೇಳ್ಬಿಡಿ ಮಾಮ."

ಅಂದು ಮಾಮನಿಗೆ ಊಟ ಸೇರಲಿಲ್ಲ. ಮುಂದೆ ಕಟ್ಟಬೇಕಿದ್ದ ಮನೆಯ ಇಡೀ ಛಾವಣಿ ಆ ಯಜಮಾನರು ಕೊಡುತ್ತೇನೆಂದಿದ್ದ ಮಾತಿನ ಮೇಲೆ ನಿಂತಿತ್ತು. ಆದರೂ ಅಂಗಡಿಗೆ ಹೋಗಿ, ಗಿರಾಕಿಗಳ ಎದುರೇ ಕೇಳಿದರು: "ಅಂಗಿ ಮಾರಿದ್ಮೇಲೆ, ತೊಟ್ಕೊಂಡೋನ ಮನೆಗೆ ಹೋಗಿ ಗುಂಡಿ ಹಾಕಿ ಬರ್ತೀರಾ ಯಜಮಾನ್ರೇ?" ಗಿರಾಕಿಗಳು ಗೊಳ್ಳೆಂದರು, ಯಜಮಾನರ ಮುಖ ಹರಳೆಣ್ಣೆ ಕುಡಿದಂತಾಯಿತು. ಭಾನುವಾರದ ದಂಡಯಾತ್ರೆ ನಿಂತಿತು, ಛಾವಣಿಯೂ ಹೋಯಿತು. ಅದನ್ನು ಮಾಮ ಆಮೇಲೆ ಮನೆಮನೆಯಲ್ಲಿ ಹೆಂಚು ಹೆಂಚಾಗಿ ಬೇಡಿ ತುಂಬಿಸಿದರೆನ್ನಿ.

ಯಜಮಾನರು ಇನ್ನು ಬರುವುದಿಲ್ಲವೆಂಬ ಶುಭವಾರ್ತೆ ತಿಳಿಸಲು ಆಕೆಯ ಮನೆಗೆ ಧಾವಿಸಿದ ಮಾಮ, ಎಂದಿನಂತೆ ತಟ್ಟದೆಯೇ ಬಾಗಿಲು ತಳ್ಳಿದರು. ಒಳಗಿನಿಂದ ಚಿಲಕ ಹಾಕಿತ್ತು.

"ಯಾರದು?"

"ನಾನಮ್ಮ, ಮಾಮ."

ಹೊಲಿಗೆ ಯಂತ್ರದ ಸದ್ದು ಕ್ಷಣಕಾಲ ನಿಂತು, ಮತ್ತೆ ಹೊರಟಿತು. "ಕೈತುಂಬ ಕೆಲಸ ಇದೆ ಮಾಮ, ನಾಳೆ ಬನ್ನಿ!"

ನೇರ ನಮ್ಮ ಮನೆಗೆ ಬಂದವರು, ಎಂದೂ ಇಲ್ಲದಂತೆ ಕುರ್ಚಿಗೆ ಪೂರ್ತಿ ಒರಗಿ ನಕ್ಕರು. "ನನಗೇ ನಾಳೆ ಬನ್ನಿ ಅಂದ್ಬಿಟ್ಲು ಕಣಯ್ಯಾ! ಈಗ ಆಯ್ತು ನೋಡು, ಅವಳ ಮನೆ." ನಗುನಗುತ್ತಲೇ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು, ನನಗೆ ಆ ಮನುಷ್ಯನ ಮೇಲೆ ಹೇಳಲಾರದಷ್ಟು ಪ್ರೀತಿ ಉಕ್ಕಿತು.

ಕೊಡುವ ಕೈಗಳಿಗೆ ಲೋಕದಲ್ಲಿ ಬರವಿಲ್ಲ. ಆದರೆ ತಾವೇ ಮುಂದೆ ನಿಂತು ಕಟ್ಟಿಸಿದ ಮನೆಯ ಮುಚ್ಚಿದ ಬಾಗಿಲೆದುರು ಪರಕೀಯರಾಗಿ ನಿಂತು, ಅದನ್ನೇ ಸನ್ಮಾನವೆಂದು ಹಿಗ್ಗಿ ಹಿಂದಿರುಗುವವರು ಅಪರೂಪ. ಅಂಥವರಿರುವ ಊರಿನಲ್ಲಿ ಬಡವರೂ ಚಿಲಕ ಹಾಕಿಕೊಂಡು ನಿಶ್ಚಿಂತೆಯಿಂದ ಮಲಗುತ್ತಾರೆ.